ನಡುವಿನ ಸ್ಪೀಕರ್

ಆಂಪ್ಲಿಫೈಯರನ್ನು ಶೋಕೇಸಿನಿಂದ ಒಂದು ಗೇಣು ಈಚೆ ಎಳೆದು ಅದರ ಹಿಂಬದಿಗೆ ಟಾರ್ಚ್ ಬಿಟ್ಟೆ. ಮೊದಲು ಕಂಡದ್ದು ಹಸಿರು. ಸ್ಪೀಕರ್ ತಂತಿಗಳ ತುದಿಯ ತಾಮ್ರವೆಲ್ಲ ಹಸಿರು ಪುಡಿಯಾಗಿ ಸ್ಕ್ರೂಗಳ ಸುತ್ತ ಮೆತ್ತಿಕೊಂಡಿತ್ತು. ಕಾಪುವಿನಲ್ಲಿ ಕಡಲಿಗೆ ಇಷ್ಟು ಹತ್ತಿರ ಇರುವ ಮನೆಗಳಲ್ಲಿ ಇದು ಹೊಸ ಸಂಗತಿಯಲ್ಲ. ಉಪ್ಪುಗಾಳಿ ಫ್ರಿಜ್ಜಿನ ಬಾಗಿಲನ್ನೇ ಬಿಡುವುದಿಲ್ಲ, ತಂತಿಯನ್ನು ಬಿಡುತ್ತದೆಯೇ.

"ಎಂತ ಮಾರಾಯ್ರೆ, ಆಗ್ತದಾ?" ಬೆನ್ನ ಹಿಂದೆ ನಿಂತಿದ್ದ ಹಾಜಿಯವರು ಕೇಳಿದರು.

"ನೋಡುವ" ಎಂದೆ.

ಹಾಜಿಯವರು ಐಸ್ ಪ್ಲಾಂಟ್ ನಡೆಸುತ್ತಾರೆ. ಈ ಕಡೆಯ ದೋಣಿಗಳಿಗೆ ಮಂಜುಗಡ್ಡೆ ಹೋಗುವುದು ಅವರಲ್ಲಿಂದಲೇ. ಅದಕ್ಕೂ ಮೊದಲು ಬಹಳ ಕಾಲ ಗಲ್ಫಿನಲ್ಲಿದ್ದರು. ವಾಪಸು ಬರುವಾಗ ಹಡಗಿನ ಸರಕಿನ ಜೊತೆ ತಂದದ್ದು ಈ ಸರೌಂಡ್ ಸಿಸ್ಟಮ್. ಒಂದು ಆಂಪ್ಲಿಫೈಯರ್, ಟಿವಿಯ ಎಡಬಲಕ್ಕೆ ಸೊಂಟದೆತ್ತರದ ಎರಡು ಸ್ಪೀಕರ್, ಟಿವಿಯ ಕೆಳಗೆ ಅಡ್ಡ ಮಲಗಿಸಿದ ನಡುವಿನ ಸ್ಪೀಕರ್, ಹಿಂದಿನ ಗೋಡೆಯಲ್ಲಿ ಎರಡು ಸಣ್ಣವು, ಮೂಲೆಯಲ್ಲಿ ಗುಡುಗಿಗೆಂದು ಒಂದು ದೊಡ್ಡ ಪೆಟ್ಟಿಗೆ. ಅದರ ಡಿವಿಡಿ ಪ್ಲೇಯರ್ ಕೆಟ್ಟ ಮೇಲೆ ಯಾರೂ ಅದನ್ನು ಮುಟ್ಟಿರಲಿಲ್ಲ. ಈಗ ದುಬೈಯಲ್ಲಿರುವ ಅಳಿಯನಿಂದ ಹೊಸ ಬ್ಲೂ-ರೇ ಪ್ಲೇಯರ್ ತರಿಸಿದ್ದರು. ಅದು ಥರ್ಮಕೋಲಿನ ನಡುವೆ ಇನ್ನೂ ಪೆಟ್ಟಿಗೆಯಲ್ಲೇ ಇತ್ತು.

ಆ ಪ್ಲೇಯರಿನಲ್ಲಿ ಹಾಕಬೇಕಾಗಿದ್ದ ಡಿಸ್ಕಿನಲ್ಲಿ ನನ್ನ ಅಣ್ಣನಿದ್ದ.

ಮಣಿಪಾಲದ ಕಾಲೇಜೊಂದರಲ್ಲಿ ಚಿತ್ರ ನಿರ್ಮಾಣ ಕಲಿಸುವ ಮೇಡಂ ಒಬ್ಬರು ಹಿಂದಿನ ಮಳೆಗಾಲ ಪೂರ್ತಿ ಎರ್ಮಾಳಿನ ನಾಡದೋಣಿಯೊಂದರ ಜೊತೆ ಓಡಾಡಿ ಸಾಕ್ಷ್ಯಚಿತ್ರ ಮಾಡಿದ್ದರು. ದೋಣಿಯಲ್ಲಿ ಎಲ್ಲರಿಗಿಂತ ಹೆಚ್ಚು ಮಾತಾಡಿದವನು ಅಣ್ಣ. ಚಿತ್ರ ಮುಗಿಯುವ ಮೊದಲೇ, ದೀಪಾವಳಿ ಕಳೆದ ಮೇಲೆ, ಅವನು ತೀರಿಹೋದ.

ಕಡಲಿನಲ್ಲಲ್ಲ. ಇದನ್ನು ನಾನು ಎಷ್ಟು ಜನರಿಗೆ ಹೇಳಿದ್ದೇನೋ. ಮೀನುಗಾರ ಸತ್ತ ಎಂದರೆ ಎಲ್ಲರೂ ದೋಣಿ ಮಗುಚಿತಾ ಎಂದೇ ಕೇಳುತ್ತಾರೆ. ಅವನು ಸತ್ತದ್ದು ಹೆದ್ದಾರಿ ದಾಟುವಾಗ, ಹಾಡಹಗಲು, ಕೈಯಲ್ಲಿ ಒಂದು ಕಟ್ಟು ನೈಲಾನ್ ಹಗ್ಗ ಹಿಡಿದುಕೊಂಡು. ಆಸ್ಪತ್ರೆ, ಪೊಲೀಸ್ ಠಾಣೆ, ಸ್ಮಶಾನ ಎಂದು ನಾನೇ ಓಡಾಡಿದೆ. ಆಮೇಲೆ ಉಡುಪಿಯಲ್ಲಿ ನನ್ನ ರಿಪೇರಿ ಅಂಗಡಿಯನ್ನು ಮತ್ತೆ ತೆರೆದೆ. ಅಳು ಬರಲಿಲ್ಲ. ಬರುತ್ತದೆ ಎಂದು ಕೆಲವು ದಿನ ಕಾದೆ, ಆಮೇಲೆ ಕಾಯುವುದನ್ನೂ ಬಿಟ್ಟೆ. ಊಟ ರುಚಿಸುತ್ತಿತ್ತು ಎಂದೂ ಹೇಳಲಾರೆ, ರುಚಿಸುತ್ತಿರಲಿಲ್ಲ ಎಂದೂ ಹೇಳಲಾರೆ.

ಚಿತ್ರ ಸಿದ್ಧವಾದಾಗ, ಬೇರೆ ಯಾರೂ ನೋಡುವ ಮೊದಲು ದೋಣಿಯವರೂ ಅವರ ಮನೆಯವರೂ ನೋಡಬೇಕು ಎಂದು ಮೇಡಂ ಹಟ ಹಿಡಿದರು. ದೋಣಿಯ ಸುತ್ತ ಮೈಕುಗಳನ್ನಿಟ್ಟು ಕಡಲನ್ನು ಆರು ಚಾನೆಲಿನಲ್ಲಿ ರೆಕಾರ್ಡ್ ಮಾಡಿದ್ದರು. ಎರ್ಮಾಳಿನ ಸಭಾಭವನದಲ್ಲಿ ಇದ್ದದ್ದು ಮದುವೆಯಲ್ಲಿ ಹೆಸರು ಕೂಗುವ ಸ್ಪೀಕರುಗಳು ಮಾತ್ರ. ಆಗ ಹಾಜಿಯವರು, "ನಮ್ಮಲ್ಲಿ ಸಿಸ್ಟಮ್ ಉಂಟು, ಹಾಲೂ ದೊಡ್ಡದುಂಟು, ಅಲ್ಲಿಗೇ ಬನ್ನಿ. ಅವನು ನನ್ನ ಐಸಿಗೆ ಬೈಯದ ದಿನ ಇರಲಿಲ್ಲ. ಅವನ ಬೈಗುಳ ಸಿನಿಮಾದಲ್ಲೂ ಉಂಟಾ ನೋಡಬೇಕು" ಎಂದರಂತೆ. ಜೋಡಿಸಲು ಯಾರನ್ನು ಕರೆಯುವುದು ಎಂಬ ಪ್ರಶ್ನೆ ಬಂದಾಗ ನನ್ನ ಹೆಸರು ತಾನಾಗಿ ಬಂತು. ಬೇರೆಯವರನ್ನು ಕಳಿಸಬಹುದಿತ್ತು. ಹಾಗೆ ಮಾಡಬೇಕು ಎಂದು ಹೊಳೆಯಲೂ ಇಲ್ಲ.

ಮಳೆಗಾಲದಲ್ಲಿ ದೊಡ್ಡ ಬೋಟುಗಳಿಗಿರುವ ಮೀನುಗಾರಿಕೆ ನಿಷೇಧದ ಅವಧಿ ಮುಗಿಯುತ್ತಾ ಬಂದಿತ್ತು. ಅದು ಮುಗಿದರೆ ದೋಣಿಯವರಲ್ಲಿ ಅರ್ಧ ಜನ ಮಲ್ಪೆಯ ದೊಡ್ಡ ಬೋಟುಗಳನ್ನು ಹತ್ತುತ್ತಾರೆ, ಮತ್ತೆ ಒಟ್ಟಿಗೆ ಸಿಗುವುದಿಲ್ಲ. ಹಾಗಾಗಿ ಬರುವ ಭಾನುವಾರವೇ ಆಗಬೇಕಿತ್ತು.

ಮೊದಲು ತಂತಿಗಳ ಕೆಲಸ ಹಿಡಿದೆ. ಹಸಿರಾದ ತುದಿಗಳನ್ನೆಲ್ಲ ಕತ್ತರಿಸಿ, ಹೊಳೆಯುವ ತಾಮ್ರ ಕಾಣುವವರೆಗೆ ಸುಲಿದು, ಟರ್ಮಿನಲ್ಲುಗಳನ್ನು ಸ್ಪಿರಿಟ್‌ನಿಂದ ಉಜ್ಜಿ ಮತ್ತೆ ಬಿಗಿದೆ. ಆಂಪ್ಲಿಫೈಯರಿನ ಹಿಂಬದಿಯಲ್ಲಿ ಎಚ್‌ಡಿಎಂಐ ಕಿಂಡಿಯೇ ಇರಲಿಲ್ಲ. ಆಂಪ್ಲಿಫೈಯರ್ ತಯಾರಾದ ಕಾಲಕ್ಕೆ ಎಚ್‌ಡಿಎಂಐ ಬಂದಿರಲಿಲ್ಲ. ಇದ್ದದ್ದು ಡಿಜಿಟಲ್ ಧ್ವನಿಗೆ ಒಂದು ಆಪ್ಟಿಕಲ್, ಒಂದು ಕೋಆಕ್ಸಿಯಲ್. ಹೊಸ ಪ್ಲೇಯರಿನ ಹಿಂದೆ ಇದ್ದದ್ದು ಒಂದು ಎಚ್‌ಡಿಎಂಐ, ಒಂದು ಕೋಆಕ್ಸಿಯಲ್. ಪುಣ್ಯಕ್ಕೆ ಒಂದಾದರೂ ಹೊಂದಿತು. ಚಿತ್ರಕ್ಕೆ ಎಚ್‌ಡಿಎಂಐಯನ್ನು ಟಿವಿಗೆ ಕೊಟ್ಟೆ, ಧ್ವನಿಗೆ ಕೋಆಕ್ಸಿಯಲ್ಲನ್ನು ಆಂಪ್ಲಿಫೈಯರಿಗೆ. ದುಬೈಯ ಚೌಕದ ಪಿನ್ನು ಇಲ್ಲಿಯ ಸಾಕೆಟ್ಟಿಗೆ ಕೂರದೆ ಅಡಾಪ್ಟರ್ ಹುಡುಕುವುದರಲ್ಲಿ ಸ್ವಲ್ಪ ಹೊತ್ತು ಹೋಯಿತು.

ಆಂಪ್ಲಿಫೈಯರ್ ಆನ್ ಮಾಡಿದೆ. ದೀಪ ಬಂತು, ಒಳಗೆ ರಿಲೇ ಟಕ್ಕೆಂದಿತು, ಮರುಕ್ಷಣ ಇನ್ನೊಮ್ಮೆ ಟಕ್ಕೆಂದು ಆಫ್ ಆಯಿತು. ಎಲ್ಲೋ ಶಾರ್ಟ್ ಇದ್ದರೆ ತನ್ನನ್ನು ಕಾಪಾಡಿಕೊಳ್ಳಲು ಅದು ಹೀಗೆ ಮಾಡುತ್ತದೆ. ಒಂದೊಂದೇ ಸ್ಪೀಕರ್ ಕಳಚಿ ನೋಡುತ್ತಾ ಹೋದೆ. ಹಿಂದಿನ ಬಲಗಡೆಯದರಲ್ಲಿ ಕೂದಲಿನಷ್ಟು ಸಣ್ಣ ತಾಮ್ರದ ಎಳೆಯೊಂದು ಪಕ್ಕದ ಟರ್ಮಿನಲ್ಲಿಗೆ ತಾಗಿತ್ತು. ನಾನೇ ಬಿಟ್ಟದ್ದು. ತೆಗೆದೆ. ಈ ಸಲ ರಿಲೇ ಒಮ್ಮೆ ಮಾತ್ರ ಟಕ್ಕೆಂದಿತು, ಆಂಪ್ಲಿಫೈಯರ್ ಆಫ್ ಆಗಲಿಲ್ಲ.

ಮೇಡಂ ಕೊಟ್ಟಿದ್ದ ಡಿಸ್ಕ್ ಹಾಕಿದೆ. ಬೂದು ಬಣ್ಣದ ಕಡಲು, ದೋಣಿಯ ಮೂತಿ, ಇಂಜಿನ್ನು. ಧ್ವನಿ ಬಂತು, ಆದರೆ ಎದುರಿನ ಎರಡು ಸ್ಪೀಕರುಗಳಿಂದ ಮಾತ್ರ. ಕ್ಯಾಮೆರಾ ತಿರುಗಿ ಅಣ್ಣನ ಮುಖದ ಮೇಲೆ ನಿಂತಿತು. ತಲೆಗೆ ಪ್ಲಾಸ್ಟಿಕ್ ಟೋಪಿ, ಗಡ್ಡದಲ್ಲಿ ನೀರು. ಅವನ ತುಟಿ ಆಡುತ್ತಿತ್ತು. ಇಂಜಿನ್ ಕೇಳುತ್ತಿತ್ತು, ಅಲೆ ಕೇಳುತ್ತಿತ್ತು, ದೋಣಿಯಲ್ಲಿ ಯಾರೋ ಕೆಮ್ಮಿದ್ದೂ ಕೇಳಿತು. ಅಣ್ಣನ ಸ್ವರ ಇರಲಿಲ್ಲ.

"ಇದೆಂತ, ಮೂಕ ಸಿನಿಮಾವಾ?" ಹಾಜಿಯವರು ಕೇಳಿದರು. ಕೇಳಿದ ಮೇಲೆ ನನ್ನ ಮುಖ ನೋಡಿದರು.

ನನಗೆ ಏನೂ ಅನ್ನಿಸಿರಲಿಲ್ಲ. ದೋಷ ಎಲ್ಲಿದೆ ಎಂದು ಯೋಚಿಸುತ್ತಿದ್ದೆ, ಅಷ್ಟೆ. ಡಿಸ್ಕಿನಲ್ಲೇ ಸ್ವರ ಇಲ್ಲವೋ, ದಾರಿಯಲ್ಲಿ ಕಳೆದುಹೋಗುತ್ತಿದೆಯೋ. ಪರೀಕ್ಷೆಗೆಂದು ಟಿವಿಯ ಸ್ವಂತ ಸ್ಪೀಕರನ್ನು ಜೋರು ಮಾಡಿದೆ. ಅಣ್ಣನ ಒಂದು ಮಾತು ಡಬ್ಬಿಯೊಳಗಿಂದ ಬಂದ ಹಾಗೆ ಬಂತು. ಸರಿ, ಡಿಸ್ಕಿನಲ್ಲಿ ಉಂಟು. ಟಿವಿಯನ್ನು ಮತ್ತೆ ಮ್ಯೂಟ್ ಮಾಡಿದೆ.

ಮೇಡಂಗೆ ಫೋನ್ ಮಾಡಿದೆ. ಅವರು ಕೂಡಲೇ ಹೇಳಿದರು: "ಸರ್, ಅದರಲ್ಲಿರುವುದು ಕಂಪ್ರೆಸ್ ಮಾಡದ ಆರು ಚಾನೆಲ್. ಒಂದು ಕೋಆಕ್ಸಿಯಲ್ ತಂತಿಯಲ್ಲಿ ಅಷ್ಟು ಹೋಗುವುದಿಲ್ಲ, ಎರಡೇ ಹೋಗುತ್ತದೆ. ಮಾತನ್ನೆಲ್ಲ ನಾನು ನಡುವಿನ ಚಾನೆಲಿನಲ್ಲಿ ಮಾತ್ರ ಇಟ್ಟಿದ್ದೇನೆ. ಪ್ಲೇಯರ್ ಮೆನುವಿನಲ್ಲಿ ರೀ-ಎನ್‌ಕೋಡ್ ಅಂತ ಉಂಟಾ ನೋಡಿ, ಅದು ಆರನ್ನೂ ಕಂಪ್ರೆಸ್ ಮಾಡಿ ಕಳಿಸುತ್ತದೆ."

ಇತ್ತು. ಒತ್ತಿದೆ. ಆಂಪ್ಲಿಫೈಯರಿನ ಗಾಜಿನ ಮೇಲೆ ಚಾನೆಲುಗಳನ್ನು ತೋರಿಸುವ ಚೌಕಗಳು ಎರಡಿದ್ದದ್ದು ಆರಾದವು. ಕಡಲು ಒಮ್ಮೆಲೇ ಬೆನ್ನ ಹಿಂದಿನಿಂದಲೂ ಬಂತು. ಹಾಜಿಯವರು ತಿರುಗಿ ಗೋಡೆ ನೋಡಿದರು. ಅಣ್ಣನ ತುಟಿ ಇನ್ನೂ ಸುಮ್ಮನೆ ಆಡುತ್ತಿತ್ತು.

ಆಂಪ್ಲಿಫೈಯರಿನಲ್ಲೇ ಒಂದು ಪರೀಕ್ಷಾ ಸದ್ದು ಇರುತ್ತದೆ. ಒಂದೊಂದು ಸ್ಪೀಕರಿಗೂ ಸರದಿಯಲ್ಲಿ ಶ್ಶ್ ಎಂಬ ಸದ್ದು ಕಳಿಸುತ್ತದೆ. ಎಡದಲ್ಲಿ ಶ್ಶ್. ನಡುವೆ ಮೌನ. ಬಲದಲ್ಲಿ ಶ್ಶ್. ಹಿಂದೆ ಎರಡು ಕಡೆ ಶ್ಶ್. ನಡುವಿನ ಸ್ಪೀಕರನ್ನು ಎಡಗಡೆಯ ತಂತಿಗೆ ಕೊಟ್ಟು ನೋಡಿದೆ, ಅದು ಚೆನ್ನಾಗಿ ಹಾಡಿತು. ಅಂದರೆ ಸ್ಪೀಕರ್ ಸರಿ ಇದೆ, ಆಂಪ್ಲಿಫೈಯರಿನೊಳಗೆ ಅದಕ್ಕೆ ಶಕ್ತಿ ಕೊಡುವ ಭಾಗವೇ ಸತ್ತಿದೆ.

ಆಂಪ್ಲಿಫೈಯರನ್ನು ಬಿಚ್ಚಿ ನನ್ನ ವ್ಯಾನಿಗೆ ಹಾಕಿದೆ. ಉಡುಪಿಗೆ ಹೋಗುವ ಬದಲು ಎರ್ಮಾಳಿಗೆ ಹೋದೆ. ಅತ್ತಿಗೆಗೆ ಭಾನುವಾರದ ವಿಷಯ ಹೇಳಬೇಕಿತ್ತು.

ಅತ್ತಿಗೆ ಕಾಪು ಮಾರ್ಕೆಟ್ಟಿನಲ್ಲಿ ಮೀನು ಮಾರುತ್ತಾರೆ. ಆಗಷ್ಟೇ ಬಂದು ಬುಟ್ಟಿ ತೊಳೆಯುತ್ತಿದ್ದರು. ನಾವು ಮಾತಾಡುವುದು ತುಳುವಿನಲ್ಲಿ, ಚಿತ್ರದಲ್ಲಿ ಎಲ್ಲರೂ ಮಾತಾಡುವುದೂ ತುಳುವಿನಲ್ಲೇ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ನಾನೆಂತಕ್ಕೆ ಬರುವುದು?" ಎಂದರು. "ಎಲ್ಲರ ಎದುರು ಕೂತು ನನ್ನ ಮುಖ ತೋರಿಸುವುದಕ್ಕಾ? ಸಿನಿಮಾ ನೋಡುವುದು ಬಿಟ್ಟು ನನ್ನನ್ನು ನೋಡುತ್ತಾರೆ."

"ಬಾರದಿದ್ದರೂ ಅಡ್ಡಿಯಿಲ್ಲ" ಎಂದೆ.

ಬುಟ್ಟಿ ಕವುಚಿ ಹಾಕಿ, ಸೆರಗಿನಲ್ಲಿ ಕೈ ಒರೆಸಿಕೊಂಡರು. "ಮೊನ್ನೆ ದೋಣಿಯವರು ಯಾರೋ ಫೋನಿನಲ್ಲಿ ಒಂದು ವಿಡಿಯೋ ತೋರಿಸಿದರು. ಇಂಜಿನ್ನಿನ ಗಲಾಟೆ. ಅದರೊಳಗೆ ಇವರು ಎಂತದೋ ಹೇಳುತ್ತಿದ್ದಾರೆ. ಸ್ವರ ಬೇರೆ ಯಾರದ್ದೋ ಹಾಗೆ. ಆಮೇಲೆ ನಾನು ಎಷ್ಟು ನೆನಪು ಮಾಡಿದರೂ ಆ ಫೋನಿನ ಸ್ವರವೇ ಬರುವುದು, ಇವರದ್ದು ಬರುವುದಿಲ್ಲ. ನಿನಗೆ ಬರುತ್ತದಾ?"

ನಾನು ಯೋಚಿಸಿದೆ. ನನಗೂ ಬರಲಿಲ್ಲ. ಬರಲಿಲ್ಲ ಎಂದು ಗೊತ್ತಾದದ್ದೂ ಆಗಲೇ.

"ಅಲ್ಲಿ ಸರಿಯಾಗಿ ಕೇಳುತ್ತದಾದರೆ ಬರುತ್ತೇನೆ. ಅವರ ಸ್ವರ ಅವರದ್ದೇ ಹಾಗೆ ಇರಬೇಕು. ಇಲ್ಲವಾದರೆ ಬೇಡ, ಇದ್ದದ್ದೂ ಹಾಳಾಗುತ್ತದೆ."

"ಕೇಳುತ್ತದೆ" ಎಂದೆ. ವ್ಯಾನಿನಲ್ಲಿ ಆಂಪ್ಲಿಫೈಯರ್ ಇತ್ತು, ಅದರ ನಡುವಿನ ಭಾಗ ಸತ್ತಿತ್ತು.

ಮರುದಿನ ಬೆಳಿಗ್ಗೆ ಎರ್ಮಾಳಿನಿಂದಲೇ ಬೆಳ್ಮಣ್ ಮಾರ್ಗವಾಗಿ ಕಾರ್ಕಳಕ್ಕೆ ಹೋದೆ. ಗದ್ದೆಗಳಲ್ಲಿ ನಾಟಿ ನಡೆದಿತ್ತು. ಬೆಳ್ಮಣ್ಣಿನಲ್ಲಿ ನಿಲ್ಲಿಸಿ ಚಾ ಕುಡಿದೆ, ಸಕ್ಕರೆ ಹಾಕಿದ್ದಾರೋ ಇಲ್ಲವೋ ಎಂದು ಲೋಟ ಖಾಲಿಯಾದ ಮೇಲೂ ಗೊತ್ತಾಗಲಿಲ್ಲ. ಕಾರ್ಕಳದಲ್ಲಿ ನನಗಿಂತ ಹಿರಿಯ ಮೆಕ್ಯಾನಿಕ್ ಒಬ್ಬರಿದ್ದಾರೆ. ಎಲ್ಲೂ ಸಿಗದ ಭಾಗ ಬೇಕಾದಾಗ ಜಿಲ್ಲೆಯ ರಿಪೇರಿಯವರೆಲ್ಲ ಅವರ ಗುಜರಿ ರಾಶಿಗೇ ಹೋಗುವುದು.

ಇಬ್ಬರೂ ಸೇರಿ ಮುಚ್ಚಳ ತೆಗೆದೆವು. ಮೀಟರಿನ ಕಡ್ಡಿ ಇಟ್ಟು ನೋಡಿದರೆ ನಡುವಿನ ಚಾನೆಲಿನ ಔಟ್‌ಪುಟ್ ಐಸಿ ಪೂರ್ತಿ ಹೋಗಿತ್ತು. ಬೆರಳಗಲದ ಕಪ್ಪು ಬಿಲ್ಲೆ, ಬಿಸಿ ಹೀರುವ ಹೀಟ್‌ಸಿಂಕಿಗೆ ಅಂಟಿಕೊಂಡದ್ದು.

"ಈ ನಂಬರ್ ಈಗ ಎಲ್ಲಿ ಸಿಕ್ತದೆ?" ಎಂದರು ಅವರು. "ಹೊಸದು ಅಂತ ಬರುವುದೆಲ್ಲ ಡೂಪ್ಲಿಕೇಟ್. ಹಳೆಯದರಿಂದ ಬಿಚ್ಚಿದ್ದು ಒಂದು ಉಂಟು, ಗ್ಯಾರಂಟಿ ಕೊಡ್ಲಿಕ್ಕೆ ಆಗುವುದಿಲ್ಲ."

"ಕೊಡಿ."

"ಅಲ್ಲ, ನೀವು ಮೆನುವಿನಲ್ಲಿ ನಡುವಿನ ಸ್ಪೀಕರ್ ಇಲ್ಲ ಅಂತ ಕೊಟ್ಟುಬಿಡಬಹುದಲ್ಲ. ಅದರ ಪಾಲನ್ನು ಅದು ಎಡಕ್ಕೂ ಬಲಕ್ಕೂ ಸಮಸಮ ಹಂಚುತ್ತದೆ. ಕೂತವನಿಗೆ ಸ್ವರ ಮಧ್ಯದಿಂದ ಬಂದ ಹಾಗೇ ಕೇಳ್ತದೆ. ನಿಮಗೆ ಗೊತ್ತುಂಟಲ್ವಾ?"

"ಗೊತ್ತುಂಟು" ಎಂದೆ. "ಆದರೂ ಸರಿ ಮಾಡುವ."

ಅವರು ನನ್ನನ್ನು ಒಮ್ಮೆ ನೋಡಿ ಸೋಲ್ಡರಿಂಗ್ ಕಡ್ಡಿ ಬಿಸಿಗೆ ಇಟ್ಟರು. ಹೌದು, ನನಗೆ ಮೊದಲ ದಿನವೇ ಗೊತ್ತಿತ್ತು. ಗಿರಾಕಿಗಳ ಮನೆಯಲ್ಲಿ ಎಷ್ಟೋ ಸಲ ಹಾಗೆ ಮಾಡಿದ್ದೇನೆ. ಈ ಸಲ ಮಾತ್ರ ಆ ಮೆನುವಿಗೆ ಹೋಗಲೇ ಇಲ್ಲ. ಯಾಕೆ ಎಂದು ಆಗ ಕೇಳಿಕೊಳ್ಳಲೂ ಇಲ್ಲ. ಹಳೆಯ ಐಸಿಯ ಕಾಲುಗಳಿಂದ ತವರ ಹೀರಿ ತೆಗೆಯುವುದು, ಹೀಟ್‌ಸಿಂಕ್ ಒರೆಸಿ ಬಿಳಿ ಪೇಸ್ಟ್ ಹಚ್ಚುವುದು, ಹೊಸದನ್ನು ಕೂರಿಸಿ ಒಂದೊಂದೇ ಕಾಲಿಗೆ ತವರ ಬಿಡುವುದು. ಕೈಗೆ ಕೆಲಸ ಇತ್ತು. ಅಲ್ಲೇ ಒಂದು ಸಣ್ಣ ಸ್ಪೀಕರ್ ಕಟ್ಟಿ ನೋಡಿದೆವು. ನಡುವೆ ಶ್ಶ್ ಎಂದಿತು.

"ಮೆಲ್ಲಗೆ ಇಟ್ಟುಕೊಳ್ಳಿ" ಎಂದು ಹೇಳಿ ಕಳಿಸಿದರು.

ಶನಿವಾರ ಕಾಪುವಿಗೆ ಮೇಡಂ ಕೂಡ ಬಂದಿದ್ದರು. ಒದ್ದೆ ರೇನ್‌ಕೋಟನ್ನು ಹೊರಗೆ ಹಾಕಿ ನೆಲದ ಮೇಲೆಯೇ ಕೂತರು. ಎಲ್ಲ ತಂತಿಗಳನ್ನು ಮತ್ತೆ ಬಿಗಿದೆ, ಡಿಸ್ಕ್ ಹಾಕಿದೆ. ಕಡಲು ಸುತ್ತಲಿನಿಂದ ಬಂತು. ಅಣ್ಣನ ಮುಖ ಬಂತು. ಟಿವಿಯ ಕೆಳಗಿನಿಂದ ಅವನ ಸ್ವರ ಬಂತು.

"ಈಗ ನೋಡಿ ಮೇಡಂ, ಗಾಳಿ ತೆಂಕಿನಿಂದ ಬರುತ್ತಿದ್ದರೆ ನಾವು ಬಲೆಯನ್ನು—"

ಚಿಟ್ ಎಂಬ ಸದ್ದು. ರಿಲೇ ಟಕ್ಕೆಂದಿತು. ಎಲ್ಲ ಸ್ಪೀಕರುಗಳೂ ನಿಂತವು. ಟಿವಿಯಲ್ಲಿ ಅಣ್ಣ ಕೈ ಬೀಸಿ ಬೀಸಿ ಮಾತಾಡುತ್ತಲೇ ಇದ್ದ. ಸುಟ್ಟ ವಾಸನೆ ಬಂತು. ಪ್ಲಗ್ ಎಳೆದೆ.

ಹಾಜಿಯವರು ಎದ್ದು ಕಿಟಕಿ ತೆರೆದರು. ಮೇಡಂ ಬಾಯಿಗೆ ಕೈ ಅಡ್ಡ ಹಿಡಿದು ಕೂತಿದ್ದರು. ಅವರ ಕಣ್ಣು ಒದ್ದೆಯಾಗಿತ್ತು. ನಾನು ಮುಚ್ಚಳದ ಸ್ಕ್ರೂ ಬಿಚ್ಚುತ್ತಿದ್ದೆ. ಹೊಸದಾಗಿ ಕೂರಿಸಿದ ಐಸಿ ನಡುವಿಗೆ ಸೀಳಿತ್ತು, ಫ್ಯೂಸ್ ಕಪ್ಪಾಗಿತ್ತು.

"ಮಂಗಳೂರಿಗೆ ಹೋಗಿ ಬರುತ್ತೇನೆ" ಎಂದೆ. "ಅಲ್ಲಿ ಇನ್ನೊಂದು ಸಿಗಬಹುದು. ಸಂಜೆಯೊಳಗೆ ಬಂದು ಹಾಕುತ್ತೇನೆ."

"ಸರ್, ನೀವು ಸ್ವಲ್ಪ ಕೂತ್ಕೊಳ್ಳಿ" ಎಂದರು ಮೇಡಂ.

"ಬಿಡಿ ಮಾರಾಯ್ರೆ, ಟಿವಿಯಲ್ಲೇ ಹಾಕುವ" ಎಂದರು ಹಾಜಿಯವರು.

"ಟಿವಿಯಲ್ಲಿ ಆಗುವುದಿಲ್ಲ."

"ಹಾಗಾದರೆ ಎಂತ ಮಾಡುವುದು? ಇನ್ನೊಂದು ತಂದರೂ ಅದೂ ಹೋಗ್ತದೆ. ಆ ಜಾಗವೇ ಸರಿ ಇಲ್ಲ, ನೀವು ಎಷ್ಟು ಸಲ ತಂದು ಕೂರಿಸುತ್ತೀರಿ? ಹೋದದ್ದು ಹೋಯಿತು. ಉಳಿದದ್ದರಲ್ಲಿ ಎಂತಾದರೂ ಆಗ್ತದಾ ನೋಡಿ."

ಹೇಳಿ ಮುಗಿಸಿದ ಮೇಲೆ ಅವರು ಕಿಟಕಿಯ ಆಚೆ ನೋಡುತ್ತಾ ನಿಂತರು. ನಾನು ಎಷ್ಟು ಹೊತ್ತು ಆ ತೆರೆದ ಡಬ್ಬಿಯ ಎದುರು ಕೂತಿದ್ದೆನೋ ಗೊತ್ತಿಲ್ಲ. ಆಮೇಲೆ ಸೋಲ್ಡರಿಂಗ್ ಕಡ್ಡಿಯನ್ನು ಪ್ಲಗ್ಗಿಗೆ ಹಾಕಿದೆ.

ಸೀಳಿದ ಐಸಿಯನ್ನು ತೆಗೆದೆ. ಆ ಜಾಗಕ್ಕೆ ಬರುವ ಕರೆಂಟಿನ ಎರಡು ದಾರಿಗಳನ್ನೂ ಕತ್ತರಿಸಿ ತುದಿಗೆ ಟೇಪ್ ಸುತ್ತಿದೆ. ಬೇರೆ ಫ್ಯೂಸ್ ಹಾಕಿದೆ. ನಡುವಿನ ಸ್ಪೀಕರಿನ ತಂತಿ ಬಿಚ್ಚಿ, ಸುತ್ತಿ, ಅದರ ಹಿಂದೆಯೇ ಇಟ್ಟೆ. ಮುಚ್ಚಳ ಹಾಕಿ ಆನ್ ಮಾಡಿದಾಗ ರಿಲೇ ಒಮ್ಮೆ ಟಕ್ಕೆಂದಿತು, ಮತ್ತೆ ಆಫ್ ಆಗಲಿಲ್ಲ. ರಿಮೋಟಿನ ಸ್ಪ್ರಿಂಗಿಗೆ ತುಕ್ಕು ಹಿಡಿದಿತ್ತು, ಅದನ್ನು ಬ್ಲೇಡಿನಿಂದ ಕೆರೆದು ಹೊಸ ಸೆಲ್ ಹಾಕಿದೆ. ಸ್ಪೀಕರ್ ಮೆನುವಿನಲ್ಲಿ ನಡುವಿನದಕ್ಕೆ ಮೂರು ಆಯ್ಕೆ ಇರುತ್ತದೆ. ದೊಡ್ಡದು, ಸಣ್ಣದು, ಇಲ್ಲ. ಅದು 'ಸಣ್ಣದು' ಎಂಬಲ್ಲಿ ನಿಂತಿತ್ತು. ಬೆರಳನ್ನು ಬಟನ್ನಿನ ಮೇಲೆ ಇಟ್ಟು ಸ್ವಲ್ಪ ಹೊತ್ತು ಹಾಗೇ ಇದ್ದೆ. ಒತ್ತಿದೆ. 'ಇಲ್ಲ' ಎಂದು ಬಂತು.

"ಹಾಕಿ ನೋಡಿ ಸರ್" ಎಂದರು ಮೇಡಂ.

ಹಾಕಿದೆ. ಅಣ್ಣನ ಸ್ವರ ಬಂತು. ಟಿವಿಯ ಕೆಳಗಿನ ಸ್ಪೀಕರಿನಲ್ಲಿ ಜೀವವಿರಲಿಲ್ಲ. ಆದರೂ ಸ್ವರ ಅವನ ಬಾಯಿಂದಲೇ ಬರುತ್ತಿತ್ತು. ಗಾಳಿ ತೆಂಕಿನಿಂದ ಬರುತ್ತಿದ್ದರೆ ಬಲೆಯನ್ನು ಯಾವ ಮಗ್ಗುಲಿಗೆ ಬಿಡಬೇಕು ಎಂಬುದನ್ನು ಪೂರ್ತಿ ಹೇಳಿದ.

ಹಾಜಿಯವರು ಸೋಫಾದಲ್ಲಿ ಕೂತಿದ್ದವರು, "ಇದು ಎಲ್ಲಿಂದ ಬರುವುದು?" ಎಂದು ಮುಂದೆ ಬಾಗಿದರು. ಎಡಕ್ಕೆ ಸರಿದಾಗ ಸ್ವರ ಎಡಗಡೆಯ ಡಬ್ಬಿಗೆ ಹೋಯಿತು, ಬಲಕ್ಕೆ ಸರಿದಾಗ ಬಲಗಡೆಯದಕ್ಕೆ. ಮಕ್ಕಳ ಹಾಗೆ ಆಚೀಚೆ ಸರಿದು ನೋಡಿ, "ಆಯ್ತು, ಇಲ್ಲಿ ಸರಿ" ಎಂದು ಮಧ್ಯದಲ್ಲಿ ಕೂತರು.

ಆಮೇಲೆ ಹದ ಮಾಡುವ ಕೆಲಸ. ಪ್ರತಿ ಸ್ಪೀಕರ್ ಸೋಫಾದಿಂದ ಎಷ್ಟು ದೂರ ಎಂದು ಟೇಪ್ ಹಿಡಿದು ಅಳೆದು ಆಂಪ್ಲಿಫೈಯರಿಗೆ ಹೇಳಿದೆ. ಹಿಂದಿನವನ್ನು ಸ್ವಲ್ಪ ಇಳಿಸಿದೆ. ಟಿವಿಯಲ್ಲಿ ಚಿತ್ರ ತುಸು ತಡವಾಗಿ ಬರುತ್ತಿತ್ತು, ತುಟಿಗಿಂತ ಮಾತು ಮುಂದೆ ಓಡುತ್ತಿತ್ತು. ಪ್ಲೇಯರಿನಲ್ಲಿ ಧ್ವನಿಯನ್ನು ಸ್ವಲ್ಪ ಸ್ವಲ್ಪ ತಡೆದು, ಮೇಡಂ ಸಾಕು ಎನ್ನುವವರೆಗೆ ಹೊಂದಿಸಿದೆ. ಕೊನೆಗೆ ಒಂದು ಉಳಿಯಿತು. ಸ್ವರ ಸ್ವಲ್ಪ ಮೂಗಿನಿಂದ ಬಂದ ಹಾಗಿತ್ತು. ಎದುರಿನ ಸ್ಪೀಕರುಗಳಲ್ಲಿ ಮಧ್ಯದ ಧ್ವನಿ ಹೆಚ್ಚಾಯಿತು ಎಂದುಕೊಂಡು ಟೋನ್ ಮೆನು ತೆರೆದು ಇಳಿಸುತ್ತಾ ಬಂದೆ. ಇಳಿಸಿದಂತೆ ಸ್ವರ ತಿಳಿಯಾಗುತ್ತಾ, ರೇಡಿಯೋದಲ್ಲಿ ವಾರ್ತೆ ಓದುವವರದ್ದರ ಹಾಗೆ ಆಗುತ್ತಾ ಬಂತು. ಆಗ ನೆನಪಾಯಿತು. ಅಣ್ಣ ಮಾತಾಡುತ್ತಿದ್ದದ್ದೇ ಮೂಗಿನಿಂದ. ಶಾಲೆಯಲ್ಲಿ ಅದಕ್ಕೇ ಅವನಿಗೆ ಅಡ್ಡಹೆಸರು ಇತ್ತು.

ಎಲ್ಲವನ್ನೂ ಮೊದಲಿದ್ದಲ್ಲಿಗೆ ಏರಿಸಿಟ್ಟೆ.

"ಸರ್, ನಾಳೆ ಎಲ್ಲರೂ ಬರುವ ಮೊದಲು ನೀವೊಬ್ಬರೇ ಪೂರ್ತಿ ನೋಡ್ತೀರಾ?" ಮೇಡಂ ಕೇಳಿದರು. "ನಾವು ಹೊರಗೆ ಇರುತ್ತೇವೆ."

"ಬೇಡ, ಸೆಟ್ಟಿಂಗ್ ಆಯಿತು" ಎಂದೆ.

ಭಾನುವಾರ ಮಧ್ಯಾಹ್ನದ ಮೇಲೆ ದೋಣಿಯವರು ಮನೆಮಂದಿಯ ಜೊತೆ ಬಂದರು. ಹಾಜಿಯವರ ಮನೆಯವರು ಬನ್ಸ್ ಕರಿದಿದ್ದರು, ದೊಡ್ಡ ಪಾತ್ರೆಯಲ್ಲಿ ಚಾ ಇತ್ತು. ಕಿಟಕಿಗಳಿಗೆ ಬೆಡ್‌ಶೀಟ್ ಕಟ್ಟಿದ್ದೆವು. ಹೆಜಮಾಡಿಯಿಂದ ಬಂದ ನೆಂಟರೂ ಸೇರಿ ಹಾಲಿನಲ್ಲಿ ಚಾಪೆ ಹಾಸಿದರೂ ಜಾಗ ಸಾಲಲಿಲ್ಲ. ಅತ್ತಿಗೆ ಬಂದಿರಲಿಲ್ಲ. ಸ್ವಲ್ಪ ಹೊತ್ತು ಕಾದು, ಇನ್ನು ಬರುವುದಿಲ್ಲ ಎಂದುಕೊಂಡು ರಿಮೋಟ್ ಎತ್ತಿಕೊಂಡಾಗ ಬಾಗಿಲಲ್ಲಿ ಕಾಣಿಸಿದರು. ಮಾರ್ಕೆಟ್ಟಿನಿಂದ ನೇರ ಬಂದಿದ್ದರು. ಯಾರನ್ನೂ ನೋಡದೆ ಬಾಗಿಲ ಪಕ್ಕದಲ್ಲಿ, ಎಡಗಡೆಯ ಸ್ಪೀಕರಿನ ಹತ್ತಿರ, ನೆಲದ ಮೇಲೆ ಕೂತರು.

ಅಲ್ಲಿ ಕೂತರೆ ಅಣ್ಣ ಟಿವಿಯಲ್ಲಿ ಕಾಣುತ್ತಾನೆ, ಸ್ವರ ಮಾತ್ರ ಪಕ್ಕದ ಡಬ್ಬಿಯಿಂದ ಬರುತ್ತದೆ. ಸರಿಯಾಗಿ ಕೇಳುವ ಜಾಗ ಇಡೀ ಹಾಲಿನಲ್ಲಿ ಒಂದೇ ಇತ್ತು, ಅಲ್ಲಿ ಹಾಜಿಯವರು ಕೂತಿದ್ದರು. ನಾನು ಹೋಗಿ ಅವರ ಕಿವಿಯಲ್ಲಿ ಹೇಳಿದೆ. ಅವರು ಕೂಡಲೇ ಎದ್ದರು.

"ನನ್ನ ಮನೆಯಲ್ಲಿ ನನಗೇ ಜಾಗ ಇಲ್ಲದ ಹಾಗಾಯಿತು" ಎಂದು ದೊಡ್ಡದಾಗಿ ಹೇಳಿ, ಅತ್ತಿಗೆಯ ಕಡೆ ತಿರುಗಿ, "ಬಾ ತಂಗಿ, ಇಲ್ಲಿ ಕೂತುಕೋ. ಅಲ್ಲಿ ಬಾಗಿಲಿನಿಂದ ಎರಚಲು ಬರ್ತದೆ" ಎಂದರು.

ಅತ್ತಿಗೆ ಒಂದು ಕ್ಷಣ ಹಿಂಜರಿದು, ಎದ್ದು ಬಂದು ಸೋಫಾದ ಮಧ್ಯದಲ್ಲಿ ಕೂತರು. ಸೋಫಾದಲ್ಲಿದ್ದ ಮೇಡಂ ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟರು.

ನಾನು ಬಲಗಡೆಯ ಸ್ಪೀಕರಿನ ಪಕ್ಕದಲ್ಲಿ ಗೋಡೆಗೆ ಒರಗಿ ನಿಂತೆ. ಆಂಪ್ಲಿಫೈಯರ್ ಕೈಗೆ ಎಟಕುವ ಜಾಗ ಅದು.

ಕಡಲು ಬಂದಾಗ ಹಿಂದೆ ಕೂತ ಹೆಂಗಸರು ತಿರುಗಿ ನೋಡಿದರು. ದೋಣಿಯವರು ತಮ್ಮ ತಮ್ಮ ಮುಖ ಕಂಡಾಗ ಒಬ್ಬರನ್ನೊಬ್ಬರು ತಿವಿದರು. ಅಣ್ಣ ಮಾತಾಡಲು ಶುರುಮಾಡಿದಾಗ ಎಲ್ಲರೂ ಸುಮ್ಮನಾದರು. ಅವನು ಗಾಳಿಯ ವಿಷಯ ಹೇಳಿದ, ಬಲೆಯ ವಿಷಯ ಹೇಳಿದ. ಐಸಿನ ವಿಷಯಕ್ಕೆ ಬಂದು, "ಕಾಪುವಿನ ಐಸ್ ದಡ ಬಿಡುವಾಗ ಗಡ್ಡೆ, ಬಲೆ ಬಿಡುವಾಗ ನೀರು" ಎಂದಾಗ ಹಾಲಿನಲ್ಲಿದ್ದವರೆಲ್ಲ ನಕ್ಕರು. ಹಾಜಿಯವರು ಬಾಗಿಲ ಹತ್ತಿರ ನಿಂತಲ್ಲಿಂದಲೇ, "ನೋಡಿ, ನೋಡಿ, ನಾನು ಹೇಳಲಿಲ್ವಾ?" ಎಂದು ಕಣ್ಣು ಒರೆಸಿಕೊಂಡರು.

ಆಮೇಲೆ ಚಿತ್ರದೊಳಗೆ ಮೇಡಂ ಕೇಳಿದರು, ಮೀನಿಗೆ ಇಷ್ಟೇ ಬೆಲೆ ಎಂದು ಯಾರು ತೀರ್ಮಾನ ಮಾಡುವುದು ಎಂದು.

ಅಣ್ಣ ನಕ್ಕ. "ನನ್ನ ಹೆಂಡತಿ. ಹಿಡಿಯುವುದು ಮಾತ್ರ ನಾನು. ಬಂಗುಡೆ ಸ್ವಲ್ಪ ಮೆತ್ತಗಾಗಿದ್ದರೆ ಇಡೀ ಮಾರ್ಕೆಟ್ಟಿನ ಎದುರು ನನಗೆ ಬೈಯುತ್ತಾಳೆ. ಕಡಲಿಗೆ ಹೆದರುವುದಿಲ್ಲ ಮೇಡಂ, ಅವಳಿಗೆ ಹೆದರುತ್ತೇನೆ."

"ಸುಳ್ಳು" ಎಂದರು ಅತ್ತಿಗೆ ಗಟ್ಟಿಯಾಗಿ, ಟಿವಿಗೆ. "ಒಂದು ದಿನವೂ ಬೈಯಲಿಲ್ಲ. ಎಂತ ಸುಳ್ಳು ಹೇಳುತ್ತೀರಿ ನೀವು!"

ಹೇಳಿ ಅವರೇ ನಕ್ಕರು. ಬೇರೆ ಯಾರೂ ನಗಲಿಲ್ಲ. ಚಿತ್ರದಲ್ಲಿ ಅಣ್ಣ ಇನ್ನೂ ನಗುತ್ತಿದ್ದ. ಅತ್ತಿಗೆ ನಗುತ್ತಾ ನಗುತ್ತಾ ಸೆರಗನ್ನು ಬಾಯಿಗೆ ತಂದುಕೊಂಡರು. ಮೇಡಂ ಅವರ ಮಣಿಕಟ್ಟು ಹಿಡಿದುಕೊಂಡರು.

ನಾನು ನಿಂತಲ್ಲಿಗೆ ಅಣ್ಣನ ಸ್ವರ ಟಿವಿಯಿಂದ ಬರುತ್ತಿರಲಿಲ್ಲ. ಪಕ್ಕದ ಸ್ಪೀಕರಿನಿಂದ ಬರುತ್ತಿತ್ತು. ಅದು ನನ್ನ ಸೊಂಟದ ಎತ್ತರದಲ್ಲಿತ್ತು. ನಗು ಜೋರಾದಾಗ ಡಬ್ಬಿ ಕಿರ್ ಎಂದಿತೇನೋ ಎಂದು ನೋಡಲು ಅದರ ತಲೆಯ ಮೇಲೆ ಎಡಗೈ ಇಟ್ಟೆ. ಕಿರ್ ಎನ್ನುತ್ತಿರಲಿಲ್ಲ. ಮರ ಅದುರುತ್ತಿತ್ತು. ಅವನು ಮಾತಾಡುವಾಗ ಅಂಗೈಗೆ ಆ ಅದುರುವಿಕೆ ತಾಗುತ್ತಿತ್ತು, ಉಸಿರು ಎಳೆದುಕೊಳ್ಳುವಾಗ ನಿಲ್ಲುತ್ತಿತ್ತು, ಮತ್ತೆ ಮಾತಾಡಿದಾಗ ತಾಗುತ್ತಿತ್ತು. ಕೈ ತೆಗೆಯಬೇಕು ಎಂದುಕೊಂಡೆ. ತೆಗೆಯಲಿಲ್ಲ. ಚಿತ್ರದ ಮುಂದಿನ ಭಾಗದಲ್ಲಿ ಏನೇನಿತ್ತು ಎಂದು ನನಗೆ ಸರಿಯಾಗಿ ನೆನಪಿಲ್ಲ. ಪರದೆ ಮಸುಕಾಗಿ ಕಾಣುತ್ತಿತ್ತು, ಮುಖ ಒದ್ದೆಯಾಗಿದೆ ಎಂದು ಗೊತ್ತಾದದ್ದು ಗಲ್ಲದಿಂದ ಹನಿ ಅಂಗಿಯ ಮೇಲೆ ಬಿದ್ದಾಗ.

ಕೊನೆಯ ಹೆಸರುಗಳು ಬಂದವು. ಜನ ಕಾಲು ಚಾಚಿದರು, ಯಾರೋ ಕಿಟಕಿಯ ಬೆಡ್‌ಶೀಟ್ ಸರಿಸಿದರು, ಒಳಗಿನಿಂದ ಚಾದ ಪಾತ್ರೆ ಬಂತು. ಅತ್ತಿಗೆ ಮಾತ್ರ ಕೂತಲ್ಲಿಂದ ಏಳಲಿಲ್ಲ.

"ಇನ್ನೊಮ್ಮೆ ಹಾಕುತ್ತೀಯಾ?" ಎಂದರು ನನ್ನ ಕಡೆ ನೋಡಿ.

ರಿಮೋಟ್ ಬಲಗೈಯಲ್ಲಿತ್ತು. ಸ್ಪೀಕರಿನ ಮೇಲಿಂದ ಎಡಗೈ ತೆಗೆಯದೆ, ಮೊದಲಿನಿಂದ ಹಾಕಿದೆ.